ಸಾಮ್ರಾಜ್ಯ ಕರಗಿದ ಮೇಲೆ ಬಂದ ಗೂಢಚಾರ

1956ರ ನವೆಂಬರ್‌ನಲ್ಲಿ ಬ್ರಿಟನ್ನಿನ ಪ್ರಧಾನಿ ಆಂಥನಿ ಈಡನ್ ಆರೋಗ್ಯ ಕೆಟ್ಟು, ವೈದ್ಯರ ಮಾತಿನಂತೆ ವಿಶ್ರಾಂತಿಗೆಂದು ಜಮೈಕಾ ದ್ವೀಪಕ್ಕೆ ಹೊರಟರು. ಹೊರಟ ಹೊತ್ತು ಮಾತ್ರ ತೀರಾ ಕೆಟ್ಟದಾಗಿತ್ತು. ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದ ಈಜಿಪ್ಟಿನ ನಾಸೆರ್‌ಗೆ ಬುದ್ಧಿ ಕಲಿಸುತ್ತೇವೆಂದು ಫ್ರಾನ್ಸ್ ಮತ್ತು ಇಸ್ರೇಲ್ ಜೊತೆ ಸೇರಿ ದಂಡೆತ್ತಿ ಹೋಗಿದ್ದ ಬ್ರಿಟನ್, ಕುಸಿಯುತ್ತಿದ್ದ ಪೌಂಡಿಗೆ ಆಸರೆ ಕೊಡುವುದಿಲ್ಲವೆಂದು ಅಮೆರಿಕ ಗದರಿದ ಕೂಡಲೇ ಕಾಲ್ತೆಗೆದಿತ್ತು. ತಾನಿನ್ನು ದೊಡ್ಡಣ್ಣನಲ್ಲ ಎಂಬುದು ಆ ದೇಶಕ್ಕೆ ಜಗತ್ತಿನೆದುರು ಗೊತ್ತಾದ ತಿಂಗಳು ಅದು. ಈಡನ್ ಜನವರಿಯಲ್ಲಿ ರಾಜೀನಾಮೆ ಕೊಟ್ಟರು.

ಜಮೈಕಾದಲ್ಲಿ ಅವರು ತಂಗಿದ್ದ ಮನೆಯ ಹೆಸರು ಗೋಲ್ಡನ್‌ಐ. ಯಜಮಾನ ಇಯಾನ್ ಫ್ಲೆಮಿಂಗ್ ಎಂಬ ಪತ್ರಕರ್ತ. ನಾಲ್ಕು ವರ್ಷ ಮೊದಲು, ಅದೇ ಮನೆಯಲ್ಲಿ ಕೂತು ಟೈಪ್ ಮಾಡುತ್ತಾ ಆತ ಒಬ್ಬ ಗೂಢಚಾರನನ್ನು ಹುಟ್ಟಿಸಿದ್ದ.

ಸೋತ ಪ್ರಧಾನಿ ಮತ್ತು ಸೋಲರಿಯದ ಗೂಢಚಾರ ಒಂದೇ ಸೂರಿನಡಿ ಬಂದದ್ದು ಕಾಕತಾಳೀಯವೇ ಇರಬಹುದು. ಆದರೂ ಜೇಮ್ಸ್ ಬಾಂಡ್ ಎಂಬುವನು ಎಪ್ಪತ್ತು ವರ್ಷಕ್ಕೂ ಮೇಲೆ ಬಾಳಿದ್ದೇಕೆ ಎಂದು ಕೇಳುವವರು ಮೊದಲು ನೋಡಬೇಕಾದದ್ದು ಈ ಮನೆಯನ್ನೇ. ಇಪ್ಪತ್ತೈದು ಸಿನಿಮಾ, ಆರು ನಾಯಕರು, ಕಾರು, ಪಿಸ್ತೂಲು, ಕುಲುಕಿದ ಮಾರ್ಟಿನಿ ಎಲ್ಲ ಆಮೇಲಿನ ಮಾತು. ಬ್ರಿಟನ್ನಿನ ಕೈಯಿಂದ ಜಗತ್ತು ಜಾರುತ್ತಿದ್ದ ವರ್ಷಗಳಲ್ಲೇ, ಬ್ರಿಟನ್ ಇಲ್ಲದಿದ್ದರೆ ಜಗತ್ತಿಗೆ ಉಳಿಗಾಲವಿಲ್ಲ ಎಂದು ಹೇಳುವ ಕಥೆ ಹುಟ್ಟಿತು. ಬಾಂಡ್ ಮೂಲತಃ ಒಂದು ಸಮಾಧಾನ.

ಫ್ಲೆಮಿಂಗ್ ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯ ಗುಪ್ತಚರ ವಿಭಾಗದ ಮುಖ್ಯಸ್ಥ ಅಡ್ಮಿರಲ್ ಜಾನ್ ಗಾಡ್‌ಫ್ರೆಯ ಆಪ್ತ ಸಹಾಯಕನಾಗಿದ್ದವನು. ಯೋಜನೆ ಹೆಣೆಯುವ ಕುರ್ಚಿ ಕೆಲಸವೇ ಹೆಚ್ಚು. ಯುದ್ಧ ಮುಗಿದ ಮೇಲೆ ಲಂಡನ್ನಿನ ಪತ್ರಿಕಾ ಸಂಸ್ಥೆಯಲ್ಲಿ ನೌಕರಿ. ಪ್ರತಿ ಚಳಿಗಾಲ ಎರಡು ತಿಂಗಳು ರಜೆ ಎಂದು ಮೊದಲೇ ಕರಾರು. ಆ ರಜೆಯಲ್ಲಿ ಜಮೈಕಾಗೆ ಹೋಗುವುದು, ಬೆಳಿಗ್ಗೆ ಸಮುದ್ರಕ್ಕಿಳಿಯುವುದು, ಆಮೇಲೆ ಬರೆಯುವುದು. 1952ರ ಆರಂಭದಲ್ಲಿ ಹೀಗೆ ಬರೆದ ಮೊದಲ ಕಾದಂಬರಿ 'ಕ್ಯಾಸಿನೋ ರಾಯಲ್' 1953ರ ಏಪ್ರಿಲ್ 13ರಂದು ಹೊರಬಂತು. ನಾಯಕನ ಹೆಸರನ್ನು ಆತ ಎತ್ತಿಕೊಂಡದ್ದು ವೆಸ್ಟ್ ಇಂಡೀಸಿನ ಹಕ್ಕಿಗಳ ಕುರಿತ ಪುಸ್ತಕವೊಂದರಿಂದ. ಪುಸ್ತಕ ಬರೆದ ಅಮೆರಿಕದ ಪಕ್ಷಿವಿಜ್ಞಾನಿಯ ಹೆಸರು ಜೇಮ್ಸ್ ಬಾಂಡ್. ಸಪ್ಪೆ ಹೆಸರೇ ಬೇಕಿತ್ತು, ಸಿಕ್ಕಿತು.

1953ರ ಬ್ರಿಟನ್ ಹೇಗಿತ್ತೆಂದು ನೆನಪಿಸಿಕೊಂಡರೆ ಆ ಪುಸ್ತಕದ ಕಿಕ್ ಅರ್ಥವಾಗುತ್ತದೆ. ಯುದ್ಧ ಗೆದ್ದು ಎಂಟು ವರ್ಷವಾದರೂ ರೇಷನ್ ತೀರಿರಲಿಲ್ಲ. ಮಾಂಸದ ಪಡಿತರ ಕೊನೆಯಾದದ್ದು 1954ರ ಜುಲೈನಲ್ಲಿ. ಅಂಥ ಹೊತ್ತಿನಲ್ಲಿ ಬಾಂಡ್ ಫ್ರಾನ್ಸಿನ ಜೂಜುಕಟ್ಟೆಯಲ್ಲಿ ಕೂತು ಕ್ಯಾವಿಯರ್ ತಿನ್ನುತ್ತಾನೆ, ಶಾಂಪೇನ್ ಕುಡಿಯುತ್ತಾನೆ, ಬೆಣ್ಣೆಹಣ್ಣು ತರಿಸುತ್ತಾನೆ. ಕೊಡಗಿನಲ್ಲಿ ಬೆಣ್ಣೆಹಣ್ಣು ಕಂಡವರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಆದರೆ ಅಂದಿನ ಇಂಗ್ಲಿಷ್ ಓದುಗನಿಗೆ ಅದು ಕೈಗೆಟುಕದ ವಿಲಾಸ. ಫ್ಲೆಮಿಂಗ್ ಊಟದ ಪಟ್ಟಿಯನ್ನೂ ಬಂದೂಕಿನ ವಿವರದಷ್ಟೇ ಶ್ರದ್ಧೆಯಿಂದ ಬರೆದದ್ದು ಸುಮ್ಮನೆ ಅಲ್ಲ.

ಗುಪ್ತಚರ ಇಲಾಖೆಯ ಮಾನವೂ ಆಗ ಮಣ್ಣುಪಾಲಾಗಿತ್ತು. 1951ರಲ್ಲಿ ಗೈ ಬರ್ಜೆಸ್ ಮತ್ತು ಡೊನಾಲ್ಡ್ ಮೆಕ್ಲೀನ್ ಎಂಬ ಇಬ್ಬರು ಉನ್ನತ ಮನೆತನದ, ಕೇಂಬ್ರಿಜ್‌ನಲ್ಲಿ ಓದಿದ ಅಧಿಕಾರಿಗಳು ಮಾಸ್ಕೋಗೆ ಓಡಿಹೋದರು. ವರ್ಷಗಟ್ಟಲೆ ಸೋವಿಯತ್ ಒಕ್ಕೂಟಕ್ಕೆ ಗುಟ್ಟು ದಾಟಿಸುತ್ತಿದ್ದವರು ಅವರು. 1963ರಲ್ಲಿ ಅವರ ಜೊತೆಗಾರ, ಗುಪ್ತಚರ ಅಧಿಕಾರಿಯಾಗಿದ್ದ ಕಿಮ್ ಫಿಲ್ಬಿಯೂ ಅದೇ ದಾರಿ ಹಿಡಿದ. ವಾಸ್ತವದ ಗೂಢಚಾರರು ಹೀಗೆ ಮನೆಮುರುಕರಾಗಿದ್ದಾಗ, ಎಷ್ಟೇ ಹೊಡೆದರೂ ಬಾಯಿ ಬಿಡದ, ರಾಣಿಗೆ ನಿಷ್ಠನಾದ ಒಬ್ಬ ಪುಸ್ತಕದಲ್ಲಾದರೂ ಸಿಕ್ಕಿದ.

ಹಾಗೆಂದು ಫ್ಲೆಮಿಂಗ್‌ಗೆ ತನ್ನ ದೇಶದ ಸ್ಥಿತಿ ಗೊತ್ತಿರಲಿಲ್ಲ ಎಂದಲ್ಲ. ಮೊದಲ ಕಾದಂಬರಿಯಲ್ಲೇ ಬಾಂಡ್ ಜೂಜಿನಲ್ಲಿ ಪೂರಾ ಸೋತು ಕೂತಿರುತ್ತಾನೆ. ಆಗ ಅಮೆರಿಕದ ಸಿಐಎ ಏಜೆಂಟ್ ಫೀಲಿಕ್ಸ್ ಲೈಟರ್ ಒಂದು ದಪ್ಪ ಲಕೋಟೆ ದಾಟಿಸುತ್ತಾನೆ: ಮೂರು ಕೋಟಿ ಇಪ್ಪತ್ತು ಲಕ್ಷ ಫ್ರಾಂಕ್, ಜೊತೆಗೆ ಇದು ಮಾರ್ಷಲ್ ನೆರವು ಎಂಬ ಕುಚೋದ್ಯದ ಚೀಟಿ. ಯುದ್ಧಾನಂತರ ಯುರೋಪನ್ನು ನಿಲ್ಲಿಸಿದ ಅಮೆರಿಕದ ದುಡ್ಡಿನ ಹೆಸರು ಅದು. ಆ ದುಡ್ಡಿನಲ್ಲಿ ಆಡಿ ಬಾಂಡ್ ಗೆಲ್ಲುತ್ತಾನೆ. ದುಡ್ಡು ಅಮೆರಿಕದ್ದು, ಗೆಲುವು ಬ್ರಿಟನ್ನಿನದು. ಮುಂದಿನ ಎಲ್ಲ ಕಥೆಗಳ ಒಪ್ಪಂದ ಇದೇ. 1964ರ ಕಾದಂಬರಿಯೊಂದರಲ್ಲಂತೂ ಜಪಾನಿನ ಗುಪ್ತಚರ ಮುಖ್ಯಸ್ಥ ಟೈಗರ್ ತನಾಕಾ ನೇರವಾಗಿ ಚುಚ್ಚುತ್ತಾನೆ: ಸಾಮ್ರಾಜ್ಯ ಕಳಕೊಂಡಿರಿ, ಈಗ ಮೋಜು ಬಿಟ್ಟರೆ ನಿಮಗೆ ಬೇರೇನೂ ಗೊತ್ತಿಲ್ಲ ಎಂಬ ಧಾಟಿಯಲ್ಲಿ. ಬಾಂಡ್ ರೇಗಿ, ನಾವಿನ್ನೂ ಎವರೆಸ್ಟ್ ಹತ್ತುತ್ತೇವೆ, ನೊಬೆಲ್ ಗೆಲ್ಲುತ್ತೇವೆ ಎನ್ನುತ್ತಾನೆ. ಎವರೆಸ್ಟಿನ ತುದಿ ಮುಟ್ಟಿದವರಲ್ಲಿ ಒಬ್ಬರು ನ್ಯೂಜಿಲೆಂಡಿನವರು, ಇನ್ನೊಬ್ಬರು ಡಾರ್ಜಿಲಿಂಗಿನಲ್ಲಿ ನೆಲೆಸಿದ್ದ ಶೆರ್ಪಾ ಎಂಬುದನ್ನು ತನಾಕಾ ತಿರುಗಿಸಿ ಹೇಳಬಹುದಿತ್ತು. ಹೇಳುವುದಿಲ್ಲ, ಬರೆಯುತ್ತಿದ್ದವನು ಫ್ಲೆಮಿಂಗ್ ತಾನೇ.

ಈ ಕಾದಂಬರಿಗಳನ್ನು ಈಗ ಓದುವಾಗ ಹಲ್ಲಿಗೆ ಕಲ್ಲು ಸಿಗುತ್ತದೆ, ಅದನ್ನು ಮುಚ್ಚಿಡಬಾರದು. ಖಳರು ಹೆಚ್ಚಾಗಿ ಪರದೇಶಿಗಳು, ಮಿಶ್ರ ರಕ್ತದವರು, ಅಂಗವಿಕಲರು. ಕಪ್ಪು ಜನರ ಬಗ್ಗೆ, ಹೆಂಗಸರ ಬಗ್ಗೆ ಬಳಸಿದ ಮಾತುಗಳು ಆ ಕಾಲದ ಬಿಳಿಯ ಸಾಹೇಬನ ಮನಸ್ಸಿನಿಂದ ನೇರವಾಗಿ ಬಂದವು. 2023ರಲ್ಲಿ ಮೊದಲ ಪುಸ್ತಕಕ್ಕೆ ಎಪ್ಪತ್ತು ತುಂಬಿದಾಗ ಪ್ರಕಾಶಕರು ಕೆಲವು ಜನಾಂಗೀಯ ಪದಗಳನ್ನು ತೆಗೆದು ಮರುಮುದ್ರಿಸಿದರು, ಗಲಾಟೆಯೂ ಆಯಿತು. ನನ್ನ ಮಟ್ಟಿಗೆ ಅದು ವ್ಯರ್ಥ ಕೆಲಸ. ಪದ ತೆಗೆಯಬಹುದು, ಕಥೆಯ ಬೆನ್ನುಮೂಳೆಯೇ ಆ ನೋಟದಿಂದ ಆಗಿರುವಾಗ ಏನನ್ನು ತೆಗೆಯುವುದು?

ಬಾಂಡ್ ಜಗತ್ತಿನವನಾದದ್ದು ಸಿನಿಮಾದಿಂದ. 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ತಮ್ಮ ಮೆಚ್ಚಿನ ಹತ್ತು ಪುಸ್ತಕಗಳಲ್ಲಿ ಫ್ಲೆಮಿಂಗ್‌ನ ಒಂದು ಕಾದಂಬರಿಯನ್ನು ಹೆಸರಿಸಿದ್ದು ಆ ದೇಶದಲ್ಲಿ ಮಾರಾಟ ಎಬ್ಬಿಸಿತ್ತು. ಆಲ್ಬರ್ಟ್ ಬ್ರೊಕೊಲಿ ಮತ್ತು ಹ್ಯಾರಿ ಸಾಲ್ಟ್‌ಜ್‌ಮನ್ ಎಂಬ ನಿರ್ಮಾಪಕರು ಅಮೆರಿಕದ ಯುನೈಟೆಡ್ ಆರ್ಟಿಸ್ಟ್ಸ್‌ನಿಂದ ಸುಮಾರು ಹತ್ತು ಲಕ್ಷ ಡಾಲರ್ ಪಡೆದು 'ಡಾಕ್ಟರ್ ನೋ' ತೆಗೆದರು. ಕಥೆ ನಡೆಯುವುದು ಜಮೈಕಾದಲ್ಲಿ. 1962ರ ಆಗಸ್ಟ್ 6ರಂದು ಜಮೈಕಾ ಬ್ರಿಟಿಷರಿಂದ ಸ್ವತಂತ್ರವಾಯಿತು. ಅಕ್ಟೋಬರ್ 5ರಂದು ಲಂಡನ್ನಿನಲ್ಲಿ ಸಿನಿಮಾ ತೆರೆಕಂಡಿತು. ತೆರೆಯ ಮೇಲೆ ಬಾಂಡ್ ಕಾಪಾಡುತ್ತಿದ್ದ ವಸಾಹತು ಅಷ್ಟರಲ್ಲಿ ವಸಾಹತಾಗಿ ಉಳಿದಿರಲಿಲ್ಲ.

ನಿರ್ಮಾಪಕರು ಮಾಡಿದ ಜಾಣತನ ಎರಡು. ಮೊದಲನೆಯದು ನಾಯಕನ ಆಯ್ಕೆ. ಪುಸ್ತಕದ ಬಾಂಡ್ ಈಟನ್‌ನಂಥ ಶ್ರೀಮಂತರ ಶಾಲೆಗೆ ಹೋದವನು. ತೆರೆಗೆ ಬಂದ ಶಾನ್ ಕಾನರಿ ಎಡಿನ್‌ಬರೊದ ಕೂಲಿಕಾರರ ಕೇರಿಯ ಹುಡುಗ, ಒಂದು ಕಾಲಕ್ಕೆ ಮನೆಮನೆಗೆ ಹಾಲು ಹಾಕುತ್ತಿದ್ದವನು. ನಿರ್ದೇಶಕ ಟೆರೆನ್ಸ್ ಯಂಗ್ ತನ್ನ ದರ್ಜಿಯ ಹತ್ತಿರವೇ ಕರೆದೊಯ್ದು ಸೂಟು ಹೊಲಿಸಿ ತಿದ್ದಿದ. ಸೂಟಿನೊಳಗೆ ಉಳಿದ ಆ ಒರಟುತನವೇ ಕೇರಿಯ ಹುಡುಗರಿಗೂ ಬಾಂಡ್‌ನನ್ನು ಹತ್ತಿರ ಮಾಡಿತು. ಬ್ರಿಟನ್ನಿನ ಈ ನಂಬುಗೆಯ ಸೇವಕ ನಿಜಜೀವನದಲ್ಲಿ ಸ್ಕಾಟ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಬೇಕೆಂದು ಕೊನೆಯವರೆಗೂ ವಾದಿಸಿದ.

ಎರಡನೆಯದು ಶತ್ರುವಿನ ಬದಲಾವಣೆ. ಆರಂಭದ ಕಾದಂಬರಿಗಳಲ್ಲಿ ವೈರಿ ಸೋವಿಯತ್ ಸಂಸ್ಥೆ. ಸಿನಿಮಾಗಳು ಆ ಜಾಗದಲ್ಲಿ ಯಾವ ದೇಶಕ್ಕೂ ಸೇರದ 'ಸ್ಪೆಕ್ಟರ್' ಎಂಬ ಅಪರಾಧಿಗಳ ಕೂಟವನ್ನು ಕೂರಿಸಿದವು. ರಷ್ಯಾ–ಅಮೆರಿಕ ಎರಡನ್ನೂ ಕಚ್ಚಾಡಿಸಿ ಲಾಭ ಹೊಡೆಯುವ ಮೂರನೆಯವನು ಖಳ; ಆ ಸಂಚು ಕಾಣುವ ಕಣ್ಣು ಬ್ರಿಟನ್ನಿಗೆ ಮಾತ್ರ. ಶೀತಲ ಸಮರದ ನಡುವೆ ಹೀಗೊಂದು ಕಥೆ ಎರಡು ಕೆಲಸ ಮಾಡಿತು. ಯಾವ ಸರ್ಕಾರಕ್ಕೂ ನೇರವಾಗಿ ನೋಯಲಿಲ್ಲ, ಹಾಗಾಗಿ ಎಲ್ಲೆಡೆ ಓಡಿತು. ಬ್ರಿಟನ್ನಿಗೆ ಇಲ್ಲದ ದೊಡ್ಡಸ್ತಿಕೆಯೂ ಸಿಕ್ಕಿತು. ಕಬ್ಬಿಣದ ಪರದೆಯ ಆಚೆಯ ಕಮ್ಯುನಿಸ್ಟ್ ದೇಶದವರು ಇದಕ್ಕೆ ಮರುಳಾಗಲಿಲ್ಲ. ಬಲ್ಗೇರಿಯಾದ ಆಂದ್ರೇ ಗುಲ್ಯಾಷ್ಕಿ 1966ರಲ್ಲಿ ತನ್ನ ಪತ್ತೇದಾರ ಅವಾಕುಮ್ ಜಹೋವ್‌ನನ್ನು '07' ಎಂಬ ಪಾಶ್ಚಾತ್ಯ ಗೂಢಚಾರನ ಮೇಲೆ ಬಿಟ್ಟು ಕಾದಂಬರಿ ಬರೆದ. ಬಾಂಡ್‌ನ ನಂಬರು 007ಕ್ಕಿಂತ ಒಂದು ಸೊನ್ನೆ ಕಡಿಮೆ, ಗುರಿ ಯಾರೆಂದು ಎಲ್ಲರಿಗೂ ತಿಳಿಯಿತು.

ಅಲ್ಲಿಂದ ಮುಂದೆ ಖಳರನ್ನಷ್ಟೇ ಸಾಲಾಗಿ ನೋಡಿದರೂ ಅರ್ಧ ಶತಮಾನದ ಭಯಗಳ ದಾಖಲೆ ಸಿಗುತ್ತದೆ. 1964ರಲ್ಲಿ ಚಿನ್ನದ ದಾಹ ಮತ್ತು ಅಣುಬಾಂಬು. 1973ರಲ್ಲಿ ಮಾದಕ ವಸ್ತು. 1979ರಲ್ಲಿ ಬಾಹ್ಯಾಕಾಶ, ಅದಕ್ಕೆ ಭಯಕ್ಕಿಂತ ಹೆಚ್ಚಾಗಿ ಆಗಷ್ಟೇ ಗೆದ್ದಿದ್ದ ಇನ್ನೊಂದು ಅಂತರಿಕ್ಷ ಸಿನಿಮಾ ಕಾರಣ. 1987ರಲ್ಲಿ ಬಾಂಡ್ ಅಫ್ಗಾನಿಸ್ತಾನದಲ್ಲಿ ಮುಜಾಹಿದೀನ್ ಜೊತೆ ಸೇರಿ ಸೋವಿಯತ್ ಸೇನೆಯ ಮೇಲೆ ಹೋರಾಡುತ್ತಾನೆ; ಅವರ ನಾಯಕ ಆಕ್ಸ್‌ಫರ್ಡ್‌ನಲ್ಲಿ ಓದಿದ ಸಂಭಾವಿತ. ಆ ಸಿನಿಮಾವನ್ನು 2001ರ ನಂತರ ನೋಡುವುದು ವಿಚಿತ್ರ ಅನುಭವ. 1997ರಲ್ಲಿ ಸುದ್ದಿಗಾಗಿ ಯುದ್ಧ ಹಚ್ಚುವ ಮಾಧ್ಯಮ ದೊರೆ ಬಂದ. 2008ರಲ್ಲಿ ಬೊಲಿವಿಯಾದ ನೀರನ್ನು ಕೈವಶ ಮಾಡಿಕೊಳ್ಳುವ ಕಂಪನಿ ಬಂತು. 2015ರಲ್ಲಿ ಎಲ್ಲರ ಮೇಲೆ ಕಣ್ಣಿಡುವ ಜಾಲ. ಕೊನೆಯ ಸಿನಿಮಾದಲ್ಲಿ ಮುಟ್ಟಿದರೆ ಹರಡುವ ಜೈವಿಕ ಅಸ್ತ್ರ, ಮತ್ತು ಆ ಸಿನಿಮಾ 2020ರ ಏಪ್ರಿಲ್‌ನಲ್ಲಿ ಬರಬೇಕಾದದ್ದು ಕೋವಿಡ್‌ನಿಂದ 2021ಕ್ಕೆ ಹೋಯಿತು.

ನಾಯಕ ಬದಲಾಗಿಯೂ ಪಾತ್ರ ಉಳಿಯುವುದು ನಮಗೆ ಹೊಸದಲ್ಲ. ಯಕ್ಷಗಾನದಲ್ಲಿ ಕೌರವನ ವೇಷ ಯಾರು ಕಟ್ಟಿದರೂ ಕೌರವನೇ, ಚೌಕಿಯ ಹೊರಗೆ ನಿಂತು ಯಾರ ಕೌರವ ಮೇಲು ಎಂದು ಜಗಳವಾಡುವುದು ಬೇರೆ. ಮೊದಲ ಬಾಂಡ್ ಕಾನರಿಯೋ ಈಚಿನ ಬಾಂಡ್ ಡೇನಿಯಲ್ ಕ್ರೇಗೋ ಎಂಬ ವಾದವೂ ಇದೇ ಜಾತಿಯದು. ಅದಿರುವವರೆಗೂ ಪಾತ್ರ ಸಾಯುವುದಿಲ್ಲ.

ಬಾಂಡ್‌ನ ಗುರುತಾದ ಆ ರಾಗದ ಕಥೆ ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಮಾಂಟಿ ನಾರ್ಮನ್ ಎಂಬ ಸಂಗೀತಗಾರ ಅದನ್ನು ಬಾಂಡ್‌ಗೆಂದು ಮಾಡಿರಲೇ ಇಲ್ಲ. ವಿ.ಎಸ್. ನೈಪಾಲ್ ಅವರ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಕಾದಂಬರಿಯನ್ನು ರಂಗಗೀತೆಗಳ ನಾಟಕವಾಗಿಸುವ ಯೋಜನೆಯೊಂದಿತ್ತು. ಟ್ರಿನಿಡಾಡ್‌ಗೆ ಕಬ್ಬಿನ ಗದ್ದೆಯ ಕೂಲಿಗಳಾಗಿ ಹೋದ ಭಾರತೀಯರ ಮನೆತನದಲ್ಲಿ, ಅಪಶಕುನದ ಸೀನಿನೊಂದಿಗೆ ಹುಟ್ಟಿದ ಬಡಪಾಯಿಯ ಹಾಡು ಅದು. ಸಿತಾರದ ಛಾಯೆಯಿಟ್ಟು ಕಟ್ಟಿದ್ದು. ನಾಟಕ ರಂಗಕ್ಕೆ ಬರಲಿಲ್ಲ. ನಾರ್ಮನ್ ಆ ರಾಗವನ್ನು ಡಬ್ಬಿಯಿಂದ ತೆಗೆದು ಸಿನಿಮಾಗೆ ಕೊಟ್ಟ, ಜಾನ್ ಬ್ಯಾರಿ ಅದನ್ನು ಹಿತ್ತಾಳೆ ವಾದ್ಯಗಳಿಗೆ ಹೊಂದಿಸಿದ, ವಿಕ್ ಫ್ಲಿಕ್ ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿದ. ಸಾಮ್ರಾಜ್ಯದ ಕೊನೆಯ ವೀರ ನಡೆದು ಬರುವಾಗ ಕೇಳುವುದು ಅದೇ ಸಾಮ್ರಾಜ್ಯ ಹಡಗು ಹತ್ತಿಸಿ ಕಳಿಸಿದವರ ಮೊಮ್ಮಕ್ಕಳ ಹಾಡು.

ಭಾರತಕ್ಕೆ ಬಾಂಡ್ ಬಂದದ್ದು 1983ರ 'ಆಕ್ಟೋಪಸಿ'ಯಲ್ಲಿ, ರೋಜರ್ ಮೂರ್ ರೂಪದಲ್ಲಿ. ಉದಯಪುರದ ಪಿಚೋಲಾ ಕೆರೆಯ ಅರಮನೆ, ಗುಡ್ಡದ ಮೇಲಿನ ಸಜ್ಜನಗಢ, ಆಟೋರಿಕ್ಷಾದಲ್ಲಿ ಅಟ್ಟಾಟ, ಹಾವಾಡಿಗ, ಮುಳ್ಳಿನ ಹಾಸಿಗೆ, ಕೆಂಡ. ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ಬಾಂಡ್‌ನ ಸಹಾಯಕ. ಕಬೀರ್ ಬೇಡಿ ಖಳನ ಬಂಟ. ಖಳನಾದ ರಾಜಕುಮಾರ ಕಮಲ್ ಖಾನ್ ಪಾತ್ರಕ್ಕೆ ಮಾತ್ರ ಫ್ರೆಂಚ್ ನಟ ಲೂಯಿ ಜೋರ್ಡನ್. ಬಾಂಡ್ ಗೆದ್ದ ದುಡ್ಡನ್ನು ಭಾರತೀಯ ಸಹಾಯಕನ ಕೈಗಿಟ್ಟು ಸಾರಿನ ಖರ್ಚಿಗಾಯಿತು ಎಂಬಂತೆ ಮಾಡುವ ಜೋಕು ಕೇಳಿದಾಗ ಇವತ್ತಿಗೂ ಮೈ ಮುದುಡುತ್ತದೆ. ಉದಯಪುರದ ಹೋಟೆಲುಗಳು ಹಾಗೆ ಮುದುಡಲಿಲ್ಲ. ಪ್ರವಾಸಿಗರಿಗಾಗಿ ತಾರಸಿಗಳ ಮೇಲೆ ಆ ಸಿನಿಮಾವನ್ನು ವರ್ಷಗಟ್ಟಲೆ ಹಾಕುತ್ತಾ ಬಂದವು.

ಆದರೆ ಬಾಂಡ್ ಬರುವ ಮೊದಲೇ ಅವನ ಮಾದರಿ ಇಲ್ಲಿಗೆ ಬಂದಾಗಿತ್ತು. ತೆಲುಗಿನಲ್ಲಿ 1966ರಲ್ಲಿ ಕೃಷ್ಣ 'ಗೂಢಚಾರಿ 116' ಆದರು, ಮರುವರ್ಷ ಅದೇ ಕಥೆ ಹಿಂದಿಯಲ್ಲಿ ಜಿತೇಂದ್ರರ 'ಫರ್ಜ್' ಆಯಿತು, ತಮಿಳಿನಲ್ಲಿ ಜೈಶಂಕರ್‌ಗೆ ದಕ್ಷಿಣದ ಜೇಮ್ಸ್ ಬಾಂಡ್ ಎಂಬ ಬಿರುದೇ ಬಂತು. ಕನ್ನಡದಲ್ಲಿ 1968ರ 'ಜೇಡರ ಬಲೆ'. ದೊರೈ–ಭಗವಾನ್ ಜೋಡಿಯ ನಿರ್ದೇಶನ, ಜಯಂತಿ ನಾಯಕಿ, ಸಿಐಡಿ 999 ಆಗಿ ರಾಜಕುಮಾರ್. ಎರಡೇ ವರ್ಷದ ಹಿಂದೆ 'ಮಂತ್ರಾಲಯ ಮಹಾತ್ಮೆ'ಯಲ್ಲಿ ರಾಘವೇಂದ್ರ ಸ್ವಾಮಿಗಳಾಗಿ ಜನ ಕೈಮುಗಿದಿದ್ದ ಅದೇ ಮುಖ ಈಗ ಸೂಟು ಹಾಕಿ ಪಿಸ್ತೂಲು ಹಿಡಿಯಿತು. ಜನ ಒಪ್ಪಿದರು. ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಕೊನೆಯದರಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ರಾಜ್ ಹಾಡಿದ ಇಂಗ್ಲಿಷ್ ಹಾಡು 'ಇಫ್ ಯೂ ಕಮ್ ಟುಡೇ' ಇವತ್ತು ಕನ್ನಡ ಬಾರದವರ ಮೊಬೈಲಿನಲ್ಲೂ ಓಡಾಡುತ್ತದೆ.

ನನಗೆ ಕುತೂಹಲ ಹುಟ್ಟಿಸುವುದು ನಮ್ಮವರು ಏನನ್ನು ತೆಗೆದುಕೊಂಡರು, ಏನನ್ನು ಬಿಟ್ಟರು ಎಂಬುದು. ಕಳಕೊಂಡ ಸಾಮ್ರಾಜ್ಯದ ನೋವು 999ಕ್ಕೆ ಬೇಕಿರಲಿಲ್ಲ, ಅದು ಪೂರಾ ಕಳಚಿ ಬಿತ್ತು. ಉಳಿದದ್ದು ನಂಬರು, ಗುಪ್ತ ಕೋಣೆ, ಕ್ಯಾಬರೆ, ವೇಗ. ಬ್ರಿಟನ್ನಿಗೆ ಅಣುಬಾಂಬಿನ ಭಯವಿದ್ದರೆ ಆ ಕಾಲದ ಭಾರತದ ಸಿನಿಮಾಗಳಲ್ಲಿ ಖಳನೆಂದರೆ ಕಳ್ಳಸಾಗಣೆದಾರ. 'ಜೇಡರ ಬಲೆ' ಬಂದ 1968ರಲ್ಲೇ ಚಿನ್ನ ನಿಯಂತ್ರಣ ಕಾಯ್ದೆಯೂ ಬಂತು. ವಿದೇಶಿ ವಿನಿಮಯಕ್ಕೆ ಪರದಾಡುತ್ತಿದ್ದ ದೇಶದಲ್ಲಿ ಕನ್ನಡ ನಿರ್ಮಾಪಕ ಜಮೈಕಾಗೆ ಹೋಗುವುದುಂಟೇ? 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಕೈಲಿದ್ದ ಗೋವಾ ಇತ್ತಲ್ಲ, ಅದೇ ಪರದೇಶವಾಯಿತು. ಕನ್ನಡ ಚಿತ್ರತಂಡವೊಂದು ಸಿಂಗಪುರದಲ್ಲಿ ಕುಣಿಯಲು 1978ರ 'ಸಿಂಗಪುರದಲ್ಲಿ ರಾಜಾಕುಳ್ಳ' ಬರಬೇಕಾಯಿತು.

ನಮ್ಮ ಸೆನ್ಸಾರ್ ಮಂಡಳಿಯೂ ಈ ಕಥೆಗೆ ತನ್ನ ಕಾಣಿಕೆ ಕೊಟ್ಟಿದೆ. 2015ರ 'ಸ್ಪೆಕ್ಟರ್'ನಲ್ಲಿ ಬಾಂಡ್‌ನ ಮುತ್ತುಗಳನ್ನು ಅರ್ಧಕ್ಕೆ ಕತ್ತರಿಸಿತು. ಜಾಲತಾಣಗಳು ಅವನಿಗೆ 'ಸಂಸ್ಕಾರಿ ಜೇಮ್ಸ್ ಬಾಂಡ್' ಎಂದು ನಾಮಕರಣ ಮಾಡಿದವು. ಕುಡಿತದ ಲೆಕ್ಕ ಹಾಕಿದವರು ಬ್ರಿಟಿಷ್ ವೈದ್ಯರು. ಕಾದಂಬರಿಗಳನ್ನು ಓದಿ ವಾರಕ್ಕೆ 92 ಯುನಿಟ್ ಮದ್ಯ ಎಂದು 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಮಾರ್ಟಿನಿಯನ್ನು ಕುಲುಕಿಯೇ ಕುಡಿಯುವುದಕ್ಕೆ ಕೈನಡುಕ ಕಾರಣವಿರಬಹುದೇ ಎಂಬುದು ಅವರ ಕೀಟಲೆಯ ಪ್ರಶ್ನೆ.

ಕಟ್ಟುಕಥೆ ಹೀಗೆ ಬೆಳೆಯುತ್ತಿದ್ದಾಗ ನಿಜವಾದ ಇಲಾಖೆ ಏನು ಮಾಡುತ್ತಿತ್ತು? ಅಧಿಕೃತವಾಗಿ ಅದು ಇರಲೇ ಇಲ್ಲ. ಎಂಐ6 ಎಂಬ ಸಂಸ್ಥೆ ಇದೆಯೆಂದು ಬ್ರಿಟಿಷ್ ಸರ್ಕಾರ ಸಂಸತ್ತಿನಲ್ಲಿ ಒಪ್ಪಿದ್ದು 1992ರಲ್ಲಿ, ಕಾನೂನಿನಲ್ಲಿ ನೆಲೆ ಕೊಟ್ಟದ್ದು 1994ರಲ್ಲಿ. ಅಷ್ಟರಲ್ಲಿ ಅದರ ಒಬ್ಬ ನೌಕರನ ಹೆಸರು ಜಗತ್ತಿಗೆಲ್ಲ ಬಾಯಿಪಾಠವಾಗಿತ್ತು. 1995ರ ಸಿನಿಮಾದಲ್ಲಿ ಬಾಂಡ್‌ಗೆ ಮೊದಲ ಬಾರಿ ಮಹಿಳಾ ಮೇಲಧಿಕಾರಿ ಬಂದಳು: ಜೂಡಿ ಡೆಂಚ್ ಅವನ ಮುಖಕ್ಕೇ, ನೀನು ಶೀತಲ ಸಮರದ ಪಳೆಯುಳಿಕೆ ಎಂದು ಬೈದಳು. ದೇಶದೊಳಗಿನ ಬೇಹು ನೋಡಿಕೊಳ್ಳುವ ಎಂಐ5ಕ್ಕೆ 1992ರಲ್ಲೇ ಸ್ಟೆಲ್ಲಾ ರಿಮಿಂಗ್ಟನ್ ಮುಖ್ಯಸ್ಥೆಯಾಗಿದ್ದರು. ಎಂಐ6ಗೆ ಮಾತ್ರ ಮಹಿಳೆ ಬರಲು 2025 ಆಯಿತು. ಆ ವರ್ಷ ನೇಮಕಗೊಂಡ ಬ್ಲೇಜ್ ಮೆಟ್ರೆವೆಲಿ ಅದಕ್ಕೆ ಮೊದಲು ನೋಡಿಕೊಳ್ಳುತ್ತಿದ್ದ ತಂತ್ರಜ್ಞಾನ ವಿಭಾಗದ ಹುದ್ದೆಯ ಹೆಸರು 'ಕ್ಯೂ', ಸಿನಿಮಾಗಳಲ್ಲಿ ಬಾಂಡ್‌ಗೆ ಹೊಸ ಹೊಸ ಉಪಕರಣ ಒದಗಿಸುವವನ ಹೆಸರೇ ಅದು.

ಸಿನಿಮಾ ನೋಡಿ ಸಂಪ್ರದಾಯ ಹುಟ್ಟಿದ್ದೂ ಇದೆ. 'ಸ್ಪೆಕ್ಟರ್' ಶುರುವಾಗುವುದು ಮೆಕ್ಸಿಕೊ ನಗರದ ಸತ್ತವರ ದಿನದ ಭಾರಿ ಮೆರವಣಿಗೆಯಿಂದ. ಹಬ್ಬ ಹಳೆಯದು, ಮನೆಗಳಲ್ಲಿ, ಸಮಾಧಿಗಳ ಬಳಿ ಹಿರಿಯರಿಗೆ ಎಡೆಯಿಡುವ ಹಬ್ಬ. ಅಂಥ ಮೆರವಣಿಗೆ ಆ ನಗರದಲ್ಲಿ ಇರಲಿಲ್ಲ. ಸಿನಿಮಾ ನೋಡಿ ಬರುವವರು ಅದನ್ನು ಕೇಳುತ್ತಾರೆಂದು 2016ರಿಂದ ನಗರಾಡಳಿತವೇ ನಡೆಸತೊಡಗಿತು. ಬ್ರಿಟನ್ನಿನಲ್ಲಂತೂ 2012ರ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಸಾಕ್ಷಾತ್ ರಾಣಿ ಎಲಿಜಬೆತ್ ಬಾಂಡ್ ಜೊತೆ ಅರಮನೆಯಿಂದ ನಡೆದು ಬಂದರು. ಮಿಸ್ಟರ್ ಬಾಂಡ್ ಎಂದು ರಾಣಿಯೇ ಕರೆದ ಮೇಲೆ ಅವನು ಕಾಲ್ಪನಿಕ ಎನ್ನುವುದು ಹೇಗೆ?

ಅದೇ ವರ್ಷದ 'ಸ್ಕೈಫಾಲ್' ಈ ಸರಣಿಯ ಅತ್ಯಂತ ಪ್ರಾಮಾಣಿಕ ಸಿನಿಮಾ ಎಂದು ನನ್ನೆಣಿಕೆ. ವಿಚಾರಣಾ ಸಮಿತಿಯ ಮುಂದೆ ಕೂತ ವೃದ್ಧ ಮೇಲಧಿಕಾರಿ ಟೆನಿಸನ್‌ನ 'ಯುಲಿಸಿಸ್' ಪದ್ಯದ ಕೊನೆಯ ಸಾಲುಗಳನ್ನು ಓದುತ್ತಾಳೆ: ಭೂಮಿ ಆಕಾಶ ಅಲುಗಾಡಿಸಿದ ಆ ಹಳೆಯ ಬಲ ಈಗ ನಮ್ಮಲ್ಲಿಲ್ಲ, ಆದರೂ ನಾವು ನಾವೇ. ಅರವತ್ತು ವರ್ಷ ಮುಚ್ಚಿಟ್ಟುಕೊಂಡು ಬಂದದ್ದನ್ನು ಸರಣಿ ತಾನೇ ಬಾಯಿಬಿಟ್ಟು ಹೇಳಿತು, ನೂರು ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು.

ಈಗ ಯಜಮಾನಿಕೆ ಅಟ್ಲಾಂಟಿಕ್ ದಾಟಿದೆ. ಬಾಂಡ್ ಸಿನಿಮಾಗಳಲ್ಲಿ ಪಾಲಿದ್ದ ಎಂಜಿಎಂ ಸ್ಟುಡಿಯೊವನ್ನು ಅಮೆಜಾನ್ 2022ರಲ್ಲಿ ಕೊಂಡಿತು. ಬ್ರೊಕೊಲಿ ಕುಟುಂಬ 2025ರ ಫೆಬ್ರುವರಿಯಲ್ಲಿ ಸೃಜನಶೀಲ ಹಿಡಿತವನ್ನೂ ಬಿಟ್ಟುಕೊಟ್ಟಿತು. ಮುಂದಿನ ಸಿನಿಮಾಗೆ ಕೆನಡಾದ ಡೆನಿ ವಿಲ್ನೇವ್ ನಿರ್ದೇಶಕ. ಬ್ರಿಟನ್ನಿನಲ್ಲಿ ಕೆಲವರು ಇದಕ್ಕೆ ಕಣ್ಣೀರು ಹಾಕಿದರು. ಲೈಟರ್ ಕೊಟ್ಟ ಲಕೋಟೆಯನ್ನು ನೆನೆದವರಿಗೆ ಅಷ್ಟೇನೂ ಆಶ್ಚರ್ಯವಾಗಬಾರದು.

ಸಿನಿಮಾ ಅಮೆಜಾನ್‌ನದು, ಪುಸ್ತಕಗಳ ಮಾತು ಬೇರೆ. ಫ್ಲೆಮಿಂಗ್ ತೀರಿಕೊಂಡದ್ದು 1964ರ ಆಗಸ್ಟ್‌ನಲ್ಲಿ. ಬ್ರಿಟನ್ನಿನಲ್ಲಿ ಲೇಖಕ ಸತ್ತು ಎಪ್ಪತ್ತು ವರ್ಷದವರೆಗೆ ಕೃತಿಸ್ವಾಮ್ಯ, ಅಂದರೆ 2034 ಮುಗಿಯುವವರೆಗೆ. ಭಾರತದಲ್ಲಿ ಆ ಅವಧಿ ಅರವತ್ತೇ ವರ್ಷ. ಹಾಗಾಗಿ ಅವನು ಬದುಕಿದ್ದಾಗ ಅಚ್ಚಾದ ಬಾಂಡ್ ಕಾದಂಬರಿಗಳು 2025ರ ಜನವರಿ 1ರಿಂದ ಇಲ್ಲಿ ಸಾರ್ವಜನಿಕ ಸ್ವತ್ತು. ಆ ರಾಗ, ಬಂದೂಕಿನ ನಳಿಗೆಯೊಳಗಿಂದ ಕಾಣುವ ಆ ನಡಿಗೆ, ಸಿನಿಮಾಗಳು ಸೇರಿಸಿದ ಕಥೆಗಳು ಯಾವುವೂ ಇದರಲ್ಲಿ ಬರುವುದಿಲ್ಲ. ಟ್ರೇಡ್‌ಮಾರ್ಕಿನ ತಕರಾರುಗಳೂ ಬೇರೆ ಇವೆ. 1953ರ ಆ ಜೂಜುಕಟ್ಟೆ, ಲಕೋಟೆ, ಬೆಣ್ಣೆಹಣ್ಣು ಇರುವ ಪುಸ್ತಕವನ್ನು ಕನ್ನಡಕ್ಕೆ ತರಲು ಮಾತ್ರ ಈಗ ಲಂಡನ್ನಿಗೆ ಪತ್ರ ಬರೆದು ಅನುಮತಿ ಕೇಳಬೇಕಿಲ್ಲ.